ಮನೆಯಲ್ಲೇ ಕುಳಿತು ಆಮ್‌ಸ್ಟರ್‌ಡ್ಯಾಮ್ ನೋಡುವುದು ಹೇಗೆ?

ದೊಡ್ಡ ವಸ್ತುಸಂಗ್ರಹಾಲಯದ ಜಾಲತಾಣ ತೆರೆದು, ಹತ್ತು ನಿಮಿಷ ಬೆರಳಾಡಿಸಿ ಮುಚ್ಚಿಬಿಡುವವರೇ ಹೆಚ್ಚು. ಲಕ್ಷಗಟ್ಟಲೆ ಚಿತ್ರಗಳು ಒಟ್ಟಿಗೆ ಎದುರಾದರೆ ಎಲ್ಲಿಂದ ಶುರುಮಾಡಬೇಕೆಂದು ಯಾರಿಗೂ ತೋಚುವುದಿಲ್ಲ. ಹಾಗಾಗಿ ಒಂದೇ ಊರು ಆರಿಸಿಕೊಳ್ಳಿ. ಒಂದು ಸಂಜೆಗೆ ಒಂದೇ ಕೃತಿ ಸಾಕು. ಕಾಸು ಖರ್ಚಿಲ್ಲದೆ ನೋಡಲು ನೆದರ್‌ಲ್ಯಾಂಡ್ಸ್‌ನ ರಾಜಧಾನಿ ಆಮ್‌ಸ್ಟರ್‌ಡ್ಯಾಮ್ ಹೇಳಿಮಾಡಿಸಿದ ಊರು.

ಮೊದಲು ಸಣ್ಣ ತಯಾರಿ

ಮೊಬೈಲ್ ಪಕ್ಕಕ್ಕಿಡಿ, ಲ್ಯಾಪ್‌ಟಾಪ್ ಅಥವಾ ಟಿವಿ ಪರದೆ ಬಳಸಿ. ಇಲ್ಲಿ ಹೇಳುವ ಸಂಗ್ರಹಾಲಯಗಳ ತಾಣಗಳಲ್ಲಿ ಡಚ್ ಜೊತೆಗೆ ಇಂಗ್ಲಿಷೂ ಇದೆ. ಕನ್ನಡವೇ ಬೇಕೆಂದರೆ ಬ್ರೌಸರಿನ ಅನುವಾದ ಆಯ್ಕೆ ಒತ್ತಿ, ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಯಾವುದಾದರೂ ಪುಟ ಕಾರ್ಡಿನ ವಿವರ ಕೇಳಿದರೆ ಟಿಕೆಟ್ ಮಾರುವ ಪುಟಕ್ಕೆ ಬಂದಿದ್ದೀರಿ ಎಂದರ್ಥ. ಹಿಂದಕ್ಕೆ ಹೋಗಿ.

ಮೊದಲ ಸಂಜೆ: ರೆಂಬ್ರಾಂಟ್

ರೈಕ್ಸ್‌ಮ್ಯೂಸಿಯಂ ತಾಣದಲ್ಲಿ ‘ನೈಟ್ ವಾಚ್’ ಹುಡುಕಿ. ನಗರದ ಕಾವಲುಪಡೆಯೊಂದು ಹೊರಡಲು ಸಜ್ಜಾಗುತ್ತಿರುವ, ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದ 1642ರ ಚಿತ್ರ. 2022ರಲ್ಲಿ ಸಂಗ್ರಹಾಲಯವು 8,439 ಫೋಟೊಗಳನ್ನು ಜೋಡಿಸಿ, ಇದರ 717 ಗಿಗಾಪಿಕ್ಸೆಲ್ (71,700 ಕೋಟಿ ಚುಕ್ಕೆಗಳ) ಪ್ರತಿಯನ್ನು ಎಲ್ಲರಿಗೂ ತೆರೆದಿಟ್ಟಿತು.

ಬಂದ ಕೂಡಲೇ ಹಿಗ್ಗಿಸಬೇಡಿ. ಐದು ನಿಮಿಷ ಇಡೀ ಚಿತ್ರ ನೋಡಿ: ಯಾರು ಯಾರ ಕಡೆ ನೋಡುತ್ತಿದ್ದಾರೆ, ಬೆಳಕು ಯಾರ ಮೇಲೆ ಬಿದ್ದಿದೆ. ಆಮೇಲೆ ನಡುವಿಗೆ ಬನ್ನಿ. ಕಪ್ಪು ಉಡುಪಿನ ಕ್ಯಾಪ್ಟನ್ ಚಾಚಿದ ಕೈಯ ನೆರಳು ಪಕ್ಕದ ಲೆಫ್ಟಿನೆಂಟನ ಹಳದಿ ಅಂಗಿಯ ಮೇಲೆ ಬಿದ್ದಿದೆ. ಆ ನೆರಳಿನ ಬೆರಳುಗಳ ಸಂದಿನಲ್ಲಿ, ಅಂಗಿಯ ಕಸೂತಿಯೊಳಗೆ, ಆಮ್‌ಸ್ಟರ್‌ಡ್ಯಾಮಿನ ಲಾಂಛನವಿದೆ. ಊರನ್ನು ಕೈಯಲ್ಲಿ ಹಿಡಿದಂತೆ! ಎಡಕ್ಕೆ ಸರಿದರೆ ಹೊಂಬಣ್ಣದ ಉಡುಪಿನ ಹುಡುಗಿ. ಅವಳ ಸೊಂಟದಲ್ಲಿ ಸತ್ತ ಕೋಳಿಯೊಂದು ತಲೆಕೆಳಗಾಗಿ ತೂಗುತ್ತಿದೆ. ಎದ್ದು ಕಾಣುವ ಅದರ ಕಾಲುಗುರುಗಳೇ ಆ ಪಡೆಯ ಗುರುತು. ಇನ್ನಷ್ಟು ಹಿಗ್ಗಿಸಿ, ಬಣ್ಣದ ಪದರದ ಬಿರುಕುಗಳು ಕಾಣತೊಡಗುತ್ತವೆ. ಸಂಗ್ರಹಾಲಯದಲ್ಲಿ ಕಟಕಟೆಯ ಈಚೆ ನಿಂತವರಿಗೆ ಈ ಭಾಗ್ಯವಿಲ್ಲ.

ಎರಡನೆಯ ಸಂಜೆ: ಪತ್ರ ಮೊದಲು, ಚಿತ್ರ ಆಮೇಲೆ

ಡಚ್ ಚಿತ್ರಕಾರ ವ್ಯಾನ್ ಗೋ ಬರೆದ, ಅವನಿಗೆ ಬಂದ ಸುಮಾರು 900 ಪತ್ರಗಳು ಅವುಗಳಿಗೆಂದೇ ಇರುವ ತಾಣದಲ್ಲಿ ಇಂಗ್ಲಿಷ್ ಅನುವಾದ, ಟಿಪ್ಪಣಿಗಳ ಸಮೇತ ಉಚಿತವಾಗಿ ಸಿಗುತ್ತವೆ. ಎಲ್ಲ ಓದಲು ಹೊರಡಬೇಡಿ. 1888ರ ಅಕ್ಟೋಬರ್ 16ರಂದು ತಮ್ಮ ಥಿಯೋಗೆ ಬರೆದ ಪತ್ರವೊಂದನ್ನೇ ತೆರೆಯಿರಿ. ತನ್ನ ಮಲಗುವ ಕೋಣೆಯ ಚಿತ್ರದ ಬಗ್ಗೆ ಅದರಲ್ಲಿ ಬರೆದಿದ್ದಾನೆ, ಜೊತೆಗೆ ಒಂದು ರೇಖಾಚಿತ್ರವನ್ನೂ ಕಳಿಸಿದ್ದಾನೆ. ಗೋಡೆಗಳು ತಿಳಿ ನೇರಳೆ ಎನ್ನುತ್ತಾನೆ.

ಈಗ ಇನ್ನೊಂದು ಟ್ಯಾಬಿನಲ್ಲಿ ವ್ಯಾನ್ ಗೋ ಮ್ಯೂಸಿಯಂ ತಾಣ ತೆರೆದು ಅದೇ ಚಿತ್ರ ನೋಡಿ. ಗೋಡೆಗಳು ನೀಲಿ! ನೇರಳೆಗೆ ಬೆರೆಸಿದ್ದ ಕೆಂಪು ಬಣ್ಣ ಕಾಲಕ್ರಮೇಣ ಮಾಸಿ ನೀಲಿಯಷ್ಟೇ ಉಳಿದಿದೆ. ಪತ್ರ ಓದದೆ ಚಿತ್ರ ನೋಡಿದವರಿಗೆ ಈ ವ್ಯತ್ಯಾಸ ಹೊಳೆಯುವುದೇ ಇಲ್ಲ. ಅದಕ್ಕೇ ಈ ಕ್ರಮ ತಪ್ಪಿಸಬೇಡಿ.

ಮೂರನೆಯ ಸಂಜೆ: ಒಂದು ಮನೆ

ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಪ್ರಿನ್ಸೆನ್‌ಗ್ರಾಕ್ಟ್ 263 ಎಂದು ಕೊಡಿ; ಕಾಲುವೆಯ ದಂಡೆಗೆ ಬಂದು ನಿಲ್ಲುತ್ತೀರಿ. ಆಚೀಚೆ ಸ್ವಲ್ಪ ಓಡಾಡಿ, ನಂತರ ಆನ್ ಫ್ರಾಂಕ್ ಹೌಸ್ ತಾಣಕ್ಕೆ ಹೋಗಿ. ಅಡಗಿದ್ದಾಗ ಬರೆದ ದಿನಚರಿಯಿಂದ ಹೆಸರಾದ ಯಹೂದಿ ಹುಡುಗಿ ಆನ್ ಇದ್ದ ಮನೆ ಇದು. 1942ರ ಜುಲೈಯಿಂದ 1944ರ ಆಗಸ್ಟ್‌ವರೆಗೆ ನಾಜಿಗಳಿಗೆ ಹೆದರಿ ಎಂಟು ಮಂದಿ ಅಡಗಿದ್ದ ಹಿಂಭಾಗದ ಕೋಣೆಗಳನ್ನು ಅಲ್ಲಿ ಒಂದೊಂದಾಗಿ ಹೊಕ್ಕು ನೋಡಬಹುದು. ಆನ್‌ಳ ತಂದೆ ಓಟ್ಟೊ ಫ್ರಾಂಕ್ ಅವರ ಇಚ್ಛೆಯಂತೆ ನಿಜವಾದ ಮನೆಯ ಕೋಣೆಗಳನ್ನು ಖಾಲಿಯಾಗಿಯೇ ಉಳಿಸಲಾಗಿದೆ. ಪರದೆಯ ಮೇಲಿನ ಮನೆಯಲ್ಲಿ ಮಾತ್ರ ಮಂಚ, ಮೇಜುಗಳೆಲ್ಲ ಅಂದಿನಂತೆ ಜೋಡಿಸಿವೆ. ಅಷ್ಟು ಜನ ಅಷ್ಟು ಇಕ್ಕಟ್ಟಿನಲ್ಲಿ ಬದುಕಿದ್ದು ಹೇಗೆಂದು ಇಲ್ಲಿ ಅರಿವಾಗುತ್ತದೆ. ಆ ದಿನ ಇದರ ಜೊತೆ ಬೇರೇನನ್ನೂ ನೋಡಬೇಡಿ.

ಸಂಗೀತಕ್ಕೆ ಯಾವ ಸಂಜೆಯಾದರೂ ಸರಿ

1888ರಲ್ಲಿ ತೆರೆದ ಕನ್ಸರ್ಟ್‌ಹೆಬೌ ಸಭಾಂಗಣದ ನಾದಗುಣಕ್ಕೆ ಜಗತ್ತಿನಲ್ಲೇ ಹೆಸರಿದೆ. ಅಲ್ಲಿ ಚಿತ್ರೀಕರಿಸಿದ ಪೂರ್ಣ ಕಛೇರಿಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಸಭಾಂಗಣದ ಹೆಸರು ಹುಡುಕಿದರೆ ಸಾಕು. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಕೇಳಿದರೆ ಆ ಸಭಾಂಗಣಕ್ಕೆ ಅನ್ಯಾಯ, ಹೆಡ್‌ಫೋನ್ ಹಾಕಿಕೊಳ್ಳಿ. ಪಾಶ್ಚಾತ್ಯ ಸಂಗೀತ ಹೊಸತಾದರೆ ಒಂದು ಭಾಗ ಮುಗಿದಲ್ಲಿ ನಿಲ್ಲಿಸಿ, ಮರುದಿನ ಅದನ್ನೇ ಇನ್ನೊಮ್ಮೆ ಕೇಳಿ ಮುಂದುವರಿಯಿರಿ.