ಕಾರ್‌ಪೂಲ್‌ಗೆ ಬರ್ತೀರಾ? ಮೊದಲು ಇಷ್ಟು ಮಾತಾಡಿಕೊಳ್ಳೋಣ

ನಾನು ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಕಾರು ಓಡಿಸುತ್ತೇನೆ. ಜೊತೆಗೆ ಮೂವರು ಬರುತ್ತಾರೆ.

ಮೊದಲು ದುಡ್ಡಿನ ಮಾತು ಮುಗಿಸಿ, ನಾಚಿಕೆ ಬೇಡ. ಓಡುವ ಕಿಲೋಮೀಟರನ್ನು ಮೈಲೇಜಿನಿಂದ ಭಾಗಿಸಿ, ಪೆಟ್ರೋಲ್ ದರದಿಂದ ಗುಣಿಸಿ. ಫ್ಲೈಓವರ್ ಟೋಲ್ ಸೇರಿಸಿ. ಕಾರಿನವರೂ ಸೇರಿ ಎಲ್ಲರೂ ಸಮನಾಗಿ ಹಂಚಿಕೊಳ್ಳಿ. ಅದಕ್ಕಿಂತ ಜಾಸ್ತಿ ಕೇಳಬೇಡಿ. ಬಿಳಿ ಬೋರ್ಡ್ ಗಾಡಿಯಲ್ಲಿ ಬಾಡಿಗೆ ಹೊಡೆಯುವಂತಿಲ್ಲ, ಅದಕ್ಕೆ ಹಳದಿ ಬೋರ್ಡ್, ಪರ್ಮಿಟ್ ಬೇಕು. ಶುಕ್ರವಾರ ಯುಪಿಐನಲ್ಲಿ ಲೆಕ್ಕ ಚುಕ್ತಾ ಮಾಡಿ. ದಿನಾ ಚಿಲ್ಲರೆ ಕೇಳುವುದು ಇಬ್ಬರಿಗೂ ಮುಜುಗರ.

ಹತ್ತುವ ಜಾಗ ಬಸ್ ಸ್ಟಾಪಿನಿಂದ ಸ್ವಲ್ಪ ಮುಂದೆ ಇರಲಿ. ಸ್ಟಾಪಿನಲ್ಲೇ ನಿಲ್ಲಿಸಿದರೆ ಹಿಂದಿನ ಬಿಎಂಟಿಸಿ ಬಸ್ಸಿನವರು ಸುಮ್ನೆ ಇರ್ತಾರಾ? ಕಾಯುವುದು ಐದೇ ನಿಮಿಷ. ಇಲ್ಲಿ ಹತ್ತು ನಿಮಿಷ ತಡವಾದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಹೋಗುತ್ತದೆ, ಅಲ್ವಾ? ಬರುವುದಿಲ್ಲ ಎಂದರೆ ಹಿಂದಿನ ರಾತ್ರಿಯೇ ಮೆಸೇಜ್ ಹಾಕಿ. ಮನೆಯೊಳಗೆ ಕೂತು "ಗೇಟ್ ಹತ್ರ ಇದ್ದೀನಿ" ಅನ್ನಬೇಡಿ. ಫೋನಿನಲ್ಲಿ ಕುಕ್ಕರ್ ಕೂಗುವುದು ನಮಗೂ ಕೇಳಿಸುತ್ತದೆ.

ಹಿಂದೆ ಕೂತವರೂ ಸೀಟ್ ಬೆಲ್ಟ್ ಹಾಕಬೇಕು, ಕಾನೂನೇ ಇದೆ. ಸ್ಪೀಕರ್‌ನಲ್ಲಿ ಆಫೀಸ್ ಮೀಟಿಂಗ್ ಬೇಡ. ತಿಂಡಿ ಡಬ್ಬಿ ತೆರೆಯಬಹುದು, ಇಡ್ಲಿಯಾದರೆ ಅಡ್ಡಿಯಿಲ್ಲ. ಸಾಂಬಾರ್ ಮಾತ್ರ ಆಫೀಸಿಗೆ ಹೋಗಿಯೇ ತೆರೆಯಿರಿ.