ಹನ್ನೆರಡು ವಾರಗಳಲ್ಲಿ ವ್ಯಾಯಾಮವನ್ನು ದಿನಚರಿಯಾಗಿಸಿಕೊಳ್ಳುವುದು ಹೇಗೆ?

1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಸಂಶೋಧಕರು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿದರು. ಪೂರ್ಣ ಶ್ರಮದಲ್ಲಿರುವಾಗ ದೇಹ ಬಳಸಿಕೊಳ್ಳಬಲ್ಲ ಆಮ್ಲಜನಕದ ಪ್ರಮಾಣ ಅಷ್ಟರಲ್ಲೇ ಕಾಲುಭಾಗಕ್ಕಿಂತ ತುಸು ಹೆಚ್ಚು ಇಳಿದಿತ್ತು. ಮೂವತ್ತು ವರ್ಷ ಕಳೆದ ಮೇಲೆ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂರು ದಶಕಗಳಲ್ಲಿ ವಯಸ್ಸು ಕಸಿದುಕೊಂಡದ್ದಕ್ಕಿಂತ ಆ ಮೂರು ವಾರಗಳ ಹಾಸಿಗೆವಾಸ ಕಸಿದುಕೊಂಡದ್ದೇ ಹೆಚ್ಚೆಂದು ತಿಳಿದುಬಂತು. ನಂತರ ಆರು ತಿಂಗಳು ನಡಿಗೆ, ಓಟ, ಸೈಕಲ್ ಸವಾರಿಗಳನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋದಾಗ, ವಯಸ್ಸಿನ ಕಾರಣದಿಂದ ಕಳೆದುಹೋಗಿದ್ದ ಸಾಮರ್ಥ್ಯ ಮರಳಿ ಬಂತು. ಐದೇ ಮಂದಿಯ ಮೇಲೆ ನಡೆದ ಅಧ್ಯಯನವಾದ್ದರಿಂದ ಅದರ ಅಂಕಿಗಳನ್ನು ಎಲ್ಲರಿಗೂ ಹಾಗೆಯೇ ಅನ್ವಯಿಸಲಾಗದು. ಆದರೆ ‘ಸ್ವಲ್ಪಸ್ವಲ್ಪವಾಗಿ’ ಎಂಬ ಮಾತನ್ನು ಎತ್ತಿಟ್ಟುಕೊಳ್ಳಬೇಕು. ಹೊಸದಾಗಿ ವ್ಯಾಯಾಮಕ್ಕೆ ಇಳಿದವರಲ್ಲಿ ಬಹಳ ಮಂದಿ ಅದನ್ನು ಕೈಬಿಡಲು ಸೋಮಾರಿತನಕ್ಕಿಂತ ಮೊದಲ ವಾರದ ಅತಿಯುತ್ಸಾಹವೇ ಕಾರಣವೆಂದು ನನಗನಿಸುತ್ತದೆ. ಮುಂದೆ ಹೇಳಿರುವ ಕ್ರಮ ಆ ಅನಿಸಿಕೆಯನ್ನೇ ಆಧರಿಸಿದೆ.

ಮೊದಲು ಗುರಿ ತಿಳಿದಿರಲಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ, ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ, ಇಲ್ಲವೇ 75ರಿಂದ 150 ನಿಮಿಷ ಹೆಚ್ಚು ತೀವ್ರತೆಯ ದೈಹಿಕ ಚಟುವಟಿಕೆ ನಡೆಸಬೇಕು. ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮ ಮಾಡಬೇಕು. 65 ದಾಟಿದವರು ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೇರಿಸಿಕೊಳ್ಳಬೇಕು. ಈ ಮಟ್ಟವನ್ನು ಹನ್ನೆರಡನೆಯ ವಾರದಲ್ಲಿ ತಲುಪಿದರೆ ಸಾಕು, ಮೊದಲ ವಾರದಲ್ಲಿ ಅದರ ಗೊಡವೆ ಬೇಡ.

ಆರಂಭಕ್ಕೆ ಮುನ್ನ

ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಮಧುಮೇಹ ಅಥವಾ ಕೀಲುಗಳ ತೊಂದರೆ ಇರುವವರು, ಗರ್ಭಿಣಿಯರು ಹಾಗೂ ನಡೆಯುವಾಗ ಎದೆಯಲ್ಲಿ ಒತ್ತಡ, ತಲೆಸುತ್ತು, ಅಸಹಜ ಉಬ್ಬಸ ಕಾಣಿಸಿಕೊಂಡವರು ಮೊದಲು ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಪಡೆಯುವವರಲ್ಲಿ ವ್ಯಾಯಾಮದಿಂದ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದಾದ್ದರಿಂದ, ಔಷಧದ ಪ್ರಮಾಣ ಮತ್ತು ಊಟದ ಸಮಯವನ್ನು ವೈದ್ಯರ ಜೊತೆ ಮೊದಲೇ ಚರ್ಚಿಸಿಕೊಂಡಿರಬೇಕು.

ಬಳಿಕ ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಳತೆಗಳನ್ನು ಬರೆದಿಡಿ. ಬೆಳಿಗ್ಗೆ ಎಚ್ಚರವಾದ ಕೂಡಲೇ, ಹಾಸಿಗೆಯಿಂದ ಏಳುವ ಮುನ್ನ, ಒಂದು ನಿಮಿಷದ ನಾಡಿಬಡಿತ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡುಗಳಲ್ಲಿ ಕುರ್ಚಿಯಿಂದ ಎಷ್ಟು ಬಾರಿ ಎದ್ದು ಕೂರಬಲ್ಲಿರಿ ಎಂಬ ಎಣಿಕೆ. ಸಮತಟ್ಟಾದ ಜಾಗದಲ್ಲಿ ಆರು ನಿಮಿಷಗಳಲ್ಲಿ ನಡೆಯಬಲ್ಲ ದೂರ. ದೇಹದ ತೂಕವನ್ನು ಈ ಪಟ್ಟಿಯಿಂದ ಬೇಕೆಂದೇ ಬಿಟ್ಟಿದ್ದೇನೆ. ವ್ಯಾಯಾಮದ ಪ್ರಯೋಜನ ಅತ್ಯಂತ ನಿಧಾನವಾಗಿ ಕಾಣಿಸಿಕೊಳ್ಳುವುದು ತೂಕದ ಯಂತ್ರದ ಮೇಲೆ. ದಿನವೂ ಅದನ್ನೇ ನೋಡುತ್ತಿದ್ದವರು ಮೂರನೆಯ ವಾರಕ್ಕೆ ನಿರಾಶರಾಗುತ್ತಾರೆ.

ಮೊದಲ ಎರಡು ವಾರ: ದಿನಕ್ಕೆ ಹತ್ತೇ ನಿಮಿಷ

ವಾರಕ್ಕೆ ಐದು ದಿನ, ದಿನಕ್ಕೆ ಹತ್ತು ನಿಮಿಷ ನಡೆಯಿರಿ. ಇನ್ನೂ ನಡೆಯಬಲ್ಲೆ ಎನಿಸಿದರೂ ನಿಲ್ಲಿಸಿ. ಈ ಹಂತದಲ್ಲಿ ತಯಾರಾಗಬೇಕಾದದ್ದು ಸ್ನಾಯುಗಳಿಗಿಂತ ಹೆಚ್ಚಾಗಿ ಅಭ್ಯಾಸ. ಆದ್ದರಿಂದ ನಡಿಗೆಯನ್ನು ಪ್ರತಿದಿನ ತಪ್ಪದೆ ನಡೆಯುವ ಬೇರೊಂದು ಕೆಲಸಕ್ಕೆ ಗಂಟು ಹಾಕಿ: ಹಲ್ಲುಜ್ಜಿದ ನಂತರ, ಕೆಲಸದಿಂದ ಮರಳಿ ಚೀಲ ಇಟ್ಟ ಕೂಡಲೇ, ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ. ‘ಬಿಡುವಾದಾಗ ಮಾಡುತ್ತೇನೆ’ ಎಂದುಕೊಂಡ ವ್ಯಾಯಾಮಕ್ಕೆ ಬಿಡುವು ಸಿಗುವುದೇ ಇಲ್ಲ.

ಅಭ್ಯಾಸ 21 ದಿನಗಳಲ್ಲಿ ಬೇರೂರುತ್ತದೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸ ನಡವಳಿಕೆಯೊಂದು ಯೋಚಿಸದೆ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು; ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನಗಳವರೆಗೂ ಹಿಡಿಯಬಹುದೆಂಬ ಅಂದಾಜು ದೊರೆಯಿತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲವೆಂಬುದೂ ಅದೇ ಅಧ್ಯಯನದ ಫಲಿತಾಂಶ. ಈ ಯೋಜನೆಗೆ ಹನ್ನೆರಡು ವಾರಗಳನ್ನು ಇಟ್ಟುಕೊಂಡಿರುವುದು ಈ ಕಾರಣದಿಂದಲೇ.

ಮೂರರಿಂದ ಆರನೆಯ ವಾರ: ವೇಗ ಮತ್ತು ಅವಧಿ

ಪ್ರತಿವಾರ ದಿನದ ನಡಿಗೆಗೆ ಐದೈದು ನಿಮಿಷ ಸೇರಿಸುತ್ತ ಹೋದರೆ ಆರನೆಯ ವಾರದ ಹೊತ್ತಿಗೆ ಅದು ಅರ್ಧ ಗಂಟೆ ಮುಟ್ಟುತ್ತದೆ. ವೇಗವನ್ನು ತಿಳಿಯಲು ಯಾವ ಉಪಕರಣವೂ ಬೇಡ. ನಡೆಯುತ್ತಲೇ ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗಿ, ಹಾಡಲು ಮಾತ್ರ ಉಸಿರು ಸಾಲದಿದ್ದರೆ ಅದು ಮಧ್ಯಮ ತೀವ್ರತೆ. ನಾಲ್ಕೈದು ಪದಗಳಿಗೊಮ್ಮೆ ಉಸಿರಿಗಾಗಿ ನಿಲ್ಲಬೇಕಾದರೆ ತೀವ್ರತೆ ಹೆಚ್ಚಾಗಿದೆಯೆಂದು ಅರ್ಥ. ಮೊದಲ ಐದು ನಿಮಿಷ ನಿಧಾನವಾಗಿ ನಡೆದು ಮೈ ಬಿಸಿಯಾಗಲು ಬಿಡಿ. ಕೊನೆಯಲ್ಲೂ ಹಠಾತ್ತನೆ ನಿಲ್ಲದೆ ಕ್ರಮೇಣ ವೇಗ ತಗ್ಗಿಸಿ.

ಈ ವಾರಗಳಲ್ಲೇ ಹೆಚ್ಚಿನವರು ಎಡವುತ್ತಾರೆ, ಅದಕ್ಕೆ ಸ್ಪಷ್ಟ ಕಾರಣವೂ ಇದೆ. ಹೃದಯ ಮತ್ತು ರಕ್ತಪರಿಚಲನೆ ಹೊಸ ಶ್ರಮಕ್ಕೆ ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಬಿಗಿದಿಡುವ ಸ್ನಾಯುರಜ್ಜುಗಳು ಮತ್ತು ಮೂಳೆಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಏದುಸಿರು ಕಡಿಮೆಯಾಯಿತೆಂಬ ಹುರುಪಿನಲ್ಲಿ ಒಮ್ಮೆಲೇ ಓಡತೊಡಗಿದವರಿಗೆ ಹಿಮ್ಮಡಿ, ಮಂಡಿ, ಮೊಣಕಾಲ ಕೆಳಗಿನ ಮೂಳೆಗಳ ನೋವು ಶುರುವಾಗುವುದು ಹೀಗೆ. ಉಸಿರು ಅನುಮತಿ ಕೊಟ್ಟರೂ ಮೂಳೆ, ಕೀಲುಗಳ ಒಪ್ಪಿಗೆಗೆ ಕಾಯಬೇಕು.

ಎಲ್ಲ ನೋವೂ ಒಂದೇ ಅಲ್ಲ. ಹೊಸ ವ್ಯಾಯಾಮ ಮಾಡಿದ ಮರುದಿನ ಅಥವಾ ಅದರ ಮರುದಿನ ಸ್ನಾಯುಗಳಲ್ಲಿ ಎರಡೂ ಬದಿಗೆ ಕಾಣಿಸಿಕೊಳ್ಳುವ ಮಂದ ನೋವು ಮೂರ್ನಾಲ್ಕು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣವೆಂಬುದು ಹಳೆಯ ತಪ್ಪು ತಿಳಿವಳಿಕೆ. ಲ್ಯಾಕ್ಟೇಟ್ ಒಂದೆರಡು ಗಂಟೆಗಳೊಳಗೆ ರಕ್ತದಿಂದ ತೆರವಾಗಿರುತ್ತದೆ, ನೋವಿನ ಮೂಲವಿರುವುದು ಸ್ನಾಯುತಂತುಗಳಿಗಾದ ಸೂಕ್ಷ್ಮ ಹಾನಿಯಲ್ಲಿ. ಆದರೆ ಕೀಲಿನಲ್ಲಿ ಚುಚ್ಚುವ ನೋವು, ಊತ, ಕುಂಟುವಂತೆ ಮಾಡುವ ನೋವು ಬಂದರೆ ವಿರಮಿಸಬೇಕು. ಎದೆನೋವು ಬಂದು, ಅದು ಕೈ ಅಥವಾ ದವಡೆಗೆ ಹರಡಿದರೆ ತಕ್ಷಣ ತುರ್ತು ಚಿಕಿತ್ಸೆ ಪಡೆಯಬೇಕು.

ಏಳನೆಯ ವಾರದಿಂದ: ಬಲ ತುಂಬುವ ಎರಡು ದಿನ

ನಡಿಗೆಯೊಂದೇ ಸಾಲದು. ಮೂವತ್ತು ದಾಟಿದ ಮೇಲೆ ಸ್ನಾಯುಗಳ ಗಾತ್ರ ಪ್ರತಿ ದಶಕಕ್ಕೆ ಸುಮಾರು ಶೇ 3ರಿಂದ 8ರಷ್ಟು ಕುಗ್ಗುತ್ತದೆ, ಅರವತ್ತರ ನಂತರ ಈ ಇಳಿಕೆ ಇನ್ನಷ್ಟು ವೇಗ ಪಡೆಯುತ್ತದೆ. ಹಿರಿಯರು ಬೀಳುವುದಕ್ಕೂ, ಕುರ್ಚಿಯಿಂದ ಏಳಲು ಆಸರೆ ಹುಡುಕುವುದಕ್ಕೂ ಇದೊಂದು ಮುಖ್ಯ ಕಾರಣ. ಬಸ್ಕಿ (ಕಷ್ಟವಾದರೆ ಕುರ್ಚಿಯಿಂದ ಎದ್ದು ಕೂರುವುದು), ಗೋಡೆಗೆ ಅಥವಾ ನೆಲಕ್ಕೆ ಕೈಕೊಟ್ಟು ದಂಡ ಹೊಡೆಯುವುದು, ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು, ಭಾರ ತುಂಬಿದ ಚೀಲವನ್ನು ಮುಂದೆ ಬಾಗಿ ಹೊಟ್ಟೆಯತ್ತ ಎಳೆಯುವುದು, ತುದಿಗಾಲಲ್ಲಿ ಏಳುವುದು: ಇವಿಷ್ಟು ದೇಹದ ದೊಡ್ಡ ಸ್ನಾಯುಗಳನ್ನೆಲ್ಲ ಮುಟ್ಟುತ್ತವೆ. ಒಂದೊಂದನ್ನೂ ಎಂಟರಿಂದ ಹನ್ನೆರಡು ಸಲದಂತೆ ಎರಡು ಸುತ್ತು ಮಾಡಿ, ಇನ್ನೂ ಎರಡು ಸಲ ಮಾಡಬಲ್ಲೆ ಎನ್ನುವಷ್ಟರಲ್ಲಿ ನಿಲ್ಲಿಸಿ. ಶ್ರಮದ ಕ್ಷಣದಲ್ಲಿ ಉಸಿರು ಬಿಗಿಹಿಡಿಯಬೇಡಿ, ಅದರಿಂದ ರಕ್ತದೊತ್ತಡ ದಿಢೀರನೆ ಏರುತ್ತದೆ. ಎರಡು ಅಭ್ಯಾಸಗಳ ನಡುವೆ ಕನಿಷ್ಠ ಒಂದು ದಿನದ ಬಿಡುವಿರಲಿ. ಮೊದಲ ವಾರಗಳಲ್ಲಿ ಬಲ ಹೆಚ್ಚಿದರೂ ಸ್ನಾಯು ದಪ್ಪವಾಗದಿರುವುದು ಸಹಜ. ಆರಂಭದ ಬಲದಲ್ಲಿ ಬಹುಪಾಲು ನರಗಳು ಸ್ನಾಯುಗಳನ್ನು ಇನ್ನಷ್ಟು ಚೆನ್ನಾಗಿ ದುಡಿಸಲು ಕಲಿತದ್ದರ ಫಲ.

ಉಳಿದ ಹೊತ್ತು

ಬೆಳಿಗ್ಗೆ ಅರ್ಧ ಗಂಟೆ ನಡೆದು ಮುಂದಿನ ಹತ್ತು ಗಂಟೆ ಕುಳಿತೇ ಇದ್ದರೆ ಗಳಿಸಿದ್ದರಲ್ಲಿ ಒಂದು ಪಾಲು ಸೋರಿಹೋಗುತ್ತದೆ. 1953ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಮೆಟ್ಟಿಲುಗಳನ್ನು ದಿನವಿಡೀ ಹತ್ತಿಳಿಯುತ್ತಿದ್ದ ನಿರ್ವಾಹಕರಿಗೆ ಕುಳಿತೇ ಇರುತ್ತಿದ್ದ ಚಾಲಕರಿಗಿಂತ ಹೃದ್ರೋಗ ಕಡಿಮೆಯಿತ್ತು. ಮುಂದೆ ಮಾರಿಸ್ ಅವರೇ ಸಮವಸ್ತ್ರಗಳ ಅಳತೆಯ ದಾಖಲೆ ತೆಗೆಸಿ, ಚಾಲಕರ ಸೊಂಟದ ಸುತ್ತಳತೆ ಹೆಚ್ಚಿರುವುದನ್ನು ಪತ್ತೆಹಚ್ಚಿದರು. ಹೃದ್ರೋಗದ ವ್ಯತ್ಯಾಸಕ್ಕೆ ಕುಳಿತಿರುವುದಲ್ಲದೆ ಮೈಕಟ್ಟೂ ಕಾರಣವಿರಬಹುದೇ ಎಂದು ತಮ್ಮ ತೀರ್ಮಾನವನ್ನು ತಾವೇ ಶಂಕಿಸಿ ನೋಡಿದ ಈ ಪರಿ ನನಗೆ ಮೂಲ ಫಲಿತಾಂಶದಷ್ಟೇ ಮೆಚ್ಚುಗೆಯಾಗಿದೆ. ಹತ್ತು ನಿಮಿಷಕ್ಕಿಂತ ಕಡಿಮೆ ಅವಧಿಯ ಚಟುವಟಿಕೆ ಲೆಕ್ಕಕ್ಕಿಲ್ಲವೆಂಬ ಹಿಂದಿನ ನಿಯಮವನ್ನು 2020ರ ಮಾರ್ಗಸೂಚಿ ಕೈಬಿಟ್ಟಿರುವುದರಿಂದ, ಎರಡು ಮಹಡಿ ಮೆಟ್ಟಿಲು ಹತ್ತಿದರೂ ಅದು ಜಮೆಯಾಗುತ್ತದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಲೆಕ್ಕದ ಬಗ್ಗೆ ಮಾತ್ರ ಚಿಂತೆ ಬೇಡ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹಬ್ಬಿದ ಸಂಖ್ಯೆ ಅದು.

ಯಾವ ಬದಲಾವಣೆ ಯಾವಾಗ?

ಅತಿ ಬೇಗ ಪ್ರತಿಕ್ರಿಯಿಸುವುದು ರಕ್ತದ ಸಕ್ಕರೆ. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ರಕ್ತದಿಂದ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ. ವ್ಯಾಯಾಮ ಮುಗಿದ ಮೇಲೂ ಒಂದರಿಂದ ಮೂರು ದಿನ ಇನ್ಸುಲಿನ್ನಿಗೆ ಹೆಚ್ಚು ಚೆನ್ನಾಗಿ ಸ್ಪಂದಿಸುತ್ತಿರುತ್ತದೆ. ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬಾರದೆಂದು ಮಧುಮೇಹಿಗಳಿಗೆ ಹೇಳುವುದು ಇದಕ್ಕಾಗಿಯೇ. ಮಧುಮೇಹದ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೆ 150 ನಿಮಿಷಗಳ ಚಟುವಟಿಕೆ ಮತ್ತು ಶೇ 7ರಷ್ಟು ತೂಕ ಇಳಿಕೆಯ ಗುರಿ ಪಡೆದವರಲ್ಲಿ ಮಧುಮೇಹ ಶೇ 58ರಷ್ಟು ಕಡಿಮೆಯಾಯಿತು. ನಿದ್ರೆ ಮತ್ತು ಮನಸ್ಸಿನ ಲವಲವಿಕೆ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಅಧಿಕ ರಕ್ತದೊತ್ತಡ ಇರುವವರಲ್ಲಿ ಮೇಲಿನ ಅಂಕಿ, ಅಂದರೆ ಸಿಸ್ಟಾಲಿಕ್ ಒತ್ತಡ, ಒಂದೆರಡು ತಿಂಗಳ ನಿಯಮಿತ ವ್ಯಾಯಾಮದಿಂದ 5ರಿಂದ 8ರಷ್ಟು ಇಳಿಯಬಲ್ಲದು. ಹಾಗೆಂದು ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸುವಂತಿಲ್ಲ. ಇನ್ನು ತೂಕದ ಮಾತು: ಅರ್ಧ ಗಂಟೆಯ ಬಿರುಸಿನ ನಡಿಗೆಗೆ ಖರ್ಚಾಗುವುದು ಸುಮಾರು 150 ಕ್ಯಾಲೊರಿ ಮಾತ್ರ. ಊಟದ ಪ್ರಮಾಣ ಬದಲಾಗದೆ ಬರಿಯ ನಡಿಗೆಯಿಂದ ಹೆಚ್ಚು ತೂಕ ಇಳಿಯುವುದಿಲ್ಲ.

ನಡುವೆ ತಪ್ಪಿಹೋದರೆ

ಹಬ್ಬ, ಪ್ರಯಾಣ, ಕಾಯಿಲೆಗಳು ಬಂದೇ ಬರುತ್ತವೆ. ಜ್ವರವಿರುವಾಗ ವ್ಯಾಯಾಮ ಬೇಡ. ಒಂದು ವಾರ ತಪ್ಪಿದ್ದರೆ ನಿಲ್ಲಿಸಿದ ಹಂತದಿಂದಲೇ ಮುಂದುವರಿಯಬಹುದು. ಎರಡು ಮೂರು ವಾರ ತಪ್ಪಿದ್ದರೆ ಅವಧಿಯನ್ನು ಅರ್ಧಕ್ಕಿಳಿಸಿ ಮತ್ತೆ ಏರಿಸುತ್ತ ಬನ್ನಿ. ಬಿಟ್ಟುಹೋದ ದಿನಗಳ ಬಾಕಿಯನ್ನು ಒಂದೇ ಭಾನುವಾರ ತೀರಿಸಲು ಹೋಗಬೇಡಿ. ಹನ್ನೆರಡನೆಯ ವಾರದ ಕೊನೆಗೆ ನೋಟ್‌ಬುಕ್ ತೆರೆದು, ಆ ಮೂರು ಅಳತೆಗಳನ್ನು ಮೊದಲ ದಿನದ ಹೊತ್ತಿಗೇ, ಅದೇ ಕುರ್ಚಿ ಬಳಸಿ, ಅದೇ ಜಾಗದಲ್ಲಿ ನಡೆದು ಮತ್ತೆ ತೆಗೆದುಕೊಂಡು, ಹಳೆಯ ಅಂಕಿಗಳ ಪಕ್ಕದಲ್ಲಿ ಬರೆಯಿರಿ.