ಎರಡು ಸಾಲು ಸಜ್ಜೆ, ಒಂದು ಸಾಲು ಅಕ್ಕಡಿ

ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆ ನಮ್ಮದು ನಾಲ್ಕು ಎಕರೆ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ. ಮಳೆ ಬಂದರೆ ಬೆಳೆ. ಮೂರು ವರ್ಷ ಬರೀ ಮೆಕ್ಕೆಜೋಳ ಹಾಕಿದ್ದೆವು. ಮಾರಿದ ರೊಕ್ಕ ಬೀಜ, ಗೊಬ್ಬರದ ಸಾಲಕ್ಕೇ ಹೋಗುತ್ತಿತ್ತು. ತೊಗರಿಬೇಳೆ ಮಾತ್ರ ಅಂಗಡಿಯಿಂದ ಕಾಲು ಕಿಲೋ, ಕಾಲು ಕಿಲೋ ತರುತ್ತಿದ್ದೆ. ಹೊಲ ಇದ್ದವರು ಬೇಳೆ ಕೊಂಡು ತಿನ್ನೋದು ಅಂದ್ರೆ ಸಂಕಟ ಆಗಲ್ವಾ?

ಸೊಸೆ ಬಸುರಿಯಾದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಬಸುರಿಯರಿಗೆ ಹಿಮೋಗ್ಲೋಬಿನ್ 11 ಆದರೂ ಇರಬೇಕು, ಅವಳಿಗೆ 8.5 ಇತ್ತು. ಕಬ್ಬಿಣಾಂಶದ ಗುಳಿಗೆ ಕೊಟ್ಟರು. ಊಟ ಆದ ಕೂಡಲೇ ಚಹಾ ಬೇಡ, ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೋ ಅಂತ ಆಶಾ ಕಾರ್ಯಕರ್ತೆ ಹೇಳಿಕೊಟ್ಟರು. ಪಲ್ಯ ಎಲ್ಲಿತ್ತು? ಅವಳ ತಾಟಿನಲ್ಲಿ ರೊಟ್ಟಿ, ಕೆಂಪು ಖಾರ, ಅಷ್ಟೇ.

ಮುಂದಿನ ಮುಂಗಾರಿಗೆ ಮನೆಯವರ ಹತ್ತಿರ ಹಟ ಹಿಡಿದು ಎರಡು ಎಕರೆ ಬಿಡಿಸಿಕೊಂಡೆ. ನಮ್ಮ ಅತ್ತೆ ಹಾಕುತ್ತಿದ್ದ ಹಾಗೆಯೇ ಎರಡು ಸಾಲು ಸಜ್ಜೆ, ಒಂದು ಸಾಲು ತೊಗರಿ. ತೊಗರಿ ಸಾಲಿನಲ್ಲೇ ಹೆಸರು, ಅಲಸಂದಿ, ಮಡಕಿ ಕಾಳು, ಹುಳಿ ಸೊಪ್ಪಿನ ಪುಂಡಿ ಬೀಜ ಕಲಸಿ ಬಿಟ್ಟೆ. ಹೀಗೆ ಕಲಸಿ ಬಿತ್ತುವ ಸಾಲಿಗೇ ಅಕ್ಕಡಿ ಅನ್ನುವುದು. ಪುಂಡಿ ಜಾಸ್ತಿಯಾಯಿತು. ಆಳೆತ್ತರ ಬೆಳೆದು ಮಡಕಿಯನ್ನು ಮುಚ್ಚೇಬಿಟ್ಟಿತು. ಈಗ ಎರಡು ಎಕರೆಗೂ ಸೇರಿ ಒಂದು ಹಿಡಿ ಹಾಕುತ್ತೇನೆ, ಅದೂ ಅಂಚಿನ ಸಾಲಿಗೆ.

ಕೆಲಸ ಹೆಚ್ಚು, ಇದನ್ನು ಹೇಳಲೇಬೇಕು. ಮೆಕ್ಕೆಜೋಳಕ್ಕೆ ಹೊಡೆಯುವ ಕಳೆ ಔಷಧಿ ಇಲ್ಲಿ ಹೊಡೆದರೆ ಅಕ್ಕಡಿ ಕಾಳೂ ಸಾಯುತ್ತವೆ. ಎರಡು ಸಲ ಎಡೆ ಹೊಡೆದು, ಉಳಿದ ಕಸ ಕುಳಿತು ಕೀಳಬೇಕು.

ಎರಡು ತಿಂಗಳು ದಾಟುತ್ತಿದ್ದ ಹಾಗೆ ಹೆಸರುಕಾಯಿ ಬಿಡಿಸಲು ಬಂತು. ಅಷ್ಟರಲ್ಲಿ ಮಳೆ ಕೈಕೊಟ್ಟು ಸಜ್ಜೆ ತೆನೆ ಬೆರಳುದ್ದಕ್ಕೇ ನಿಂತಿತು. ತೊಗರಿ ಬೇರು ಆಳಕ್ಕೆ ಹೋಗಿರುತ್ತದೆ, ತಡೆದುಕೊಂಡಿತು. ಹಿಂಗಾರಿ ಮಳೆಗೆ ಮತ್ತೆ ಚಿಗುರಿ ಹೂ ಬಿಟ್ಟಿತು.

ಆ ದಿನಗಳಲ್ಲಿ ವಾರಕ್ಕೆ ಮೂರು ಸಲ ಪುಂಡಿಪಲ್ಯ. ಎಳೆ ಎಲೆ ಕುದಿಸಿ, ಹುಳಿ ನೀರು ಬಸಿದು, ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡುವುದು. ಸೊಸೆ ಅಷ್ಟೊತ್ತಿಗೆ ಕೂಸಿಗೆ ಹಾಲೂಡಿಸುತ್ತಿದ್ದಳು. ಎರಡು ರೊಟ್ಟಿ ತಿಂದು ಇನ್ನೊಂದು ಕೇಳಿದಳು. ನಾನು ಒಲೆ ಮುಂದಿನಿಂದ ಏಳಲೇ ಇಲ್ಲ, ಬಿಸಿಬಿಸಿ ಬಡಿದು ಹಾಕುತ್ತಾ ಕುಳಿತೆ. ಗುಳಿಗೆಯನ್ನೂ ಬಿಡಿಸಲಿಲ್ಲ.

ಉಳಿದ ಎರಡು ಎಕರೆ ಈಗಲೂ ಮೆಕ್ಕೆಜೋಳವೇ. ಸಾಲ ತೀರುವತನಕ ಅದು ಬೇಕು.

ಕಾಳನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಒಲೆ ಬೂದಿ ಕಲಸಿ, ಗಡಿಗೆ ಬಾಯಿ ಸಗಣಿಯಿಂದ ಮುಚ್ಚಿ ಇಡುತ್ತೇನೆ. ಈ ಸಲ ಪಕ್ಕದ ಹೊಲದಾಕೆ ಬಂದು ಬೀಜ ಕೇಳಿದಳು. ಮಡಕಿ ಒಂದು ಸೇರು ಅಳೆದು ಕೊಟ್ಟೆ. ಪುಂಡಿ ಒಂದೇ ಹಿಡಿ.